ಸಂತ ತೋಮಾಸರಿಗೆ ಹಾಜರಿ ಸಾಲದು

ಜುಲೈ 3 ಯೇಸುವಿನ ಶಿಷ್ಯ ಸಂತ ತೋಮಾಸರ ಹಬ್ಬ. ತೋಮಾಸರೇ ಬಂದು ತಮ್ಮ ಸಭೆ ಕಟ್ಟಿದರು ಎಂದು ನಂಬುವ ಕೇರಳದ ಸಿರಿಯನ್ ಕ್ರೈಸ್ತರಿಗೆ ದೊಡ್ಡ ದಿನ. ಎಷ್ಟು ದೊಡ್ಡದೆಂದರೆ, ಜಗಳಕ್ಕೂ ಅದೇ ಮುಹೂರ್ತ. ಅವರಲ್ಲೇ ಒಡೆದುಕೊಂಡ ಆರ್ಥೊಡಾಕ್ಸ್ ಮತ್ತು ಜಾಕೋಬೈಟ್ ಬಣಗಳ ‘ಚರ್ಚುಗಳು ಯಾರವು’ ಎಂಬ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2017ರ ಜುಲೈ 3ರಂದು. ಅದು ಕೋರ್ಟು ಕೊಟ್ಟ ದಿನ, ಬಿಡಿ. ಆದರೆ ಪೋಪರನ್ನು ಒಪ್ಪುವ ಇನ್ನೊಂದು ಬಣ, ಸೀರೋ ಮಲಬಾರ್ ಸಭೆಯವರು 2024ರಲ್ಲಿ ಎರ್ನಾಕುಲಂ ಪಾದ್ರಿಗಳಿಗೆ ‘ನಾವು ಹೇಳಿದ ಹಾಗೆ ಪೂಜೆ ಮಾಡಿ, ಇಲ್ಲಾಂದ್ರೆ ನೀವು ನಮ್ಮವರಲ್ಲ’ ಎಂದು ಕೊಟ್ಟ ಗಡುವೂ ಜುಲೈ 3! ಹಬ್ಬಕ್ಕೆ ನಾವು ಬಾಳೆಎಲೆ ಹಾಕುತ್ತೇವೆ. ಅವರು ನೋಟಿಸು ಹಾಕುತ್ತಾರೆ.

ಎರ್ನಾಕುಲಂ ಜಗಳ ಇಷ್ಟೇ. ಪೂಜೆಯ ಹೊತ್ತಿಗೆ ಪಾದ್ರಿಯ ಮುಖ ಜನರ ಕಡೆ ಇರಬೇಕೋ, ಬಲಿಪೀಠದ ಕಡೆಗೋ? ಬಿಷಪ್ಪರೆಲ್ಲ ಸೇರಿದ ಸಿನೊಡ್ 2021ರಲ್ಲಿ ಪಂಚಾಯ್ತಿ ಮಾಡಿತು. ಒಂದಷ್ಟು ಹೊತ್ತು ಈ ಕಡೆ, ಒಂದಷ್ಟು ಹೊತ್ತು ಆ ಕಡೆ. ಫಿಫ್ಟಿ-ಫಿಫ್ಟಿ ಬಿಸ್ಕತ್ತಿನ ಹಾಗೆ, ಸಿಹಿಯೂ ಉಂಟು ಉಪ್ಪೂ ಉಂಟು. ಬಿಸ್ಕತ್ತು ಎರ್ನಾಕುಲಂನವರಿಗೆ ಹಿಡಿಸಲಿಲ್ಲ. 2022ರ ಕ್ರಿಸ್‌ಮಸ್ ಹೊತ್ತಿಗೆ ಸೇಂಟ್ ಮೇರೀಸ್ ಬೆಸಿಲಿಕಾದ ಬಲಿಪೀಠದಲ್ಲೇ ತಳ್ಳಾಟ, ಒಳಗೆ ಪೊಲೀಸರು, ಬಾಗಿಲಿಗೆ ಬೀಗ. ಮರುವರ್ಷ ರೋಮಿನಿಂದ ಪೋಪ್ ಕಳಿಸಿದ ಪ್ರತಿನಿಧಿಗೆ ಮೊಟ್ಟೆ ಮತ್ತು ಬಾಟಲಿಯ ಸತ್ಕಾರ.

ನಗಬೇಡಿ. ಗ್ಯಾಸ್ ಒಲೆ ಯಾವ ದಿಕ್ಕಿಗೆ ಎಂದು ಕೇಳಿ ಅಡುಗೆಮನೆ ಗೋಡೆ ಒಡೆಸಿದವರು ನಮ್ಮಲ್ಲಿಲ್ಲವೇ? ಕಂಚಿಯ ಆನೆಯ ಹಣೆಗೆ ಯಾವ ನಾಮ ಹಾಕಬೇಕೆಂದು ಕೋರ್ಟು ಹತ್ತಿದವರೂ ಇದ್ದಾರೆ. ಆನೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಕುರ್ಚಿಯ ಕಥೆ. ಆರ್ಥೊಡಾಕ್ಸ್‌ನವರ ಪರಮಗುರು, ಅಂದರೆ ಕ್ಯಾಥಲಿಕೋಸ್, ಕೂರುವುದು ತೋಮಾಸರ ಸಿಂಹಾಸನದಲ್ಲಿ. ಅವರ ಮುಖ್ಯ ಕಚೇರಿ ಇರುವ ಜಾಗದ ಹೆಸರು ದೇವಲೋಕಂ. ಕೋಟ್ಟಯಂನಲ್ಲಿದೆ, ಆಟೋದಲ್ಲಿ ಹೋಗಬಹುದು. ಸಮನ್ಸ್ ಹಿಡಿದು ದೇವಲೋಕಕ್ಕೆ ಹೋಗುವ ಅಮೀನನನ್ನು ನೆನೆಸಿಕೊಂಡರೇ ನನಗೆ ಖುಷಿ. ಜಾಕೋಬೈಟರಿಗೆ ಪರಮಗುರು ಡಮಾಸ್ಕಸ್ಸಿನ ಪೇತ್ರಿಯಾರ್ಕ್. ಅವರದು ಯೇಸುವಿನ ಇನ್ನೊಬ್ಬ ಶಿಷ್ಯ ಪೇತ್ರನ ಸಿಂಹಾಸನ. 1970ರಲ್ಲಿ ಆಗಿನ ಪೇತ್ರಿಯಾರ್ಕ್ ಒಂದು ಕಾಗದ ಬರೆದರು. ಸಾರಾಂಶ ಇಷ್ಟು: ತೋಮಾಸರು ಪಾದ್ರಿಯೇ ಅಲ್ಲ, ಅವರಿಗೆ ಸಿಂಹಾಸನ ಎಲ್ಲಿಂದ ಬಂತು?

ಆಧಾರವನ್ನೂ ಕೊಟ್ಟಿದ್ದರು. ಬದುಕಿ ಬಂದ ಯೇಸು ಶಿಷ್ಯರ ಮೇಲೆ ಉಸಿರೂದಿ ಅಧಿಕಾರ ಕೊಟ್ಟ ಸಂಜೆ ತೋಮಾಸರು ಆ ಕೋಣೆಯಲ್ಲಿರಲಿಲ್ಲ. ಯೋಹಾನನ ಸುವಾರ್ತೆ, 20ನೇ ಅಧ್ಯಾಯ. ಅಂದರೆ ಹಾಜರಿ ಕಡಿಮೆ. ಪರೀಕ್ಷೆಗೆ ಕೂರುವ ಹಾಗಿಲ್ಲ. ಕಾಲೇಜಲ್ಲಾದರೆ ಮೆಡಿಕಲ್ ಸರ್ಟಿಫಿಕೇಟ್ ತಂದು ಸುಧಾರಿಸಬಹುದಿತ್ತು. ಕ್ರಿ.ಶ. 52ರಲ್ಲಿ ಸಮುದ್ರ ದಾಟಿ ಕೊಡುಂಗಲ್ಲೂರಿಗೆ ಬಂದು, ಏಳೂವರೆ ಚರ್ಚು ಕಟ್ಟಿ, ಮೈಲಾಪುರದಲ್ಲಿ ಪ್ರಾಣ ಬಿಟ್ಟರು ಎಂದು ಎಲ್ಲ ಬಣದವರೂ ಒಪ್ಪುವ ಮನುಷ್ಯನಿಗೆ ಒಂದು ಸಂಜೆಯ ಗೈರುಹಾಜರಿ ಇಷ್ಟು ದುಬಾರಿಯಾಯಿತು.

ಏಳೂವರೆ ಎಂದರೆ ಏಳೂವರೆಯೇ. ತಿರುವಿತಾಂಕೋಡಿನ ಚರ್ಚನ್ನು ಜನ ‘ಅರಪ್ಪಳ್ಳಿ’ ಎನ್ನುತ್ತಾರೆ. ಅರ ಎಂದರೆ ಅರ್ಧ, ಪಳ್ಳಿ ಎಂದರೆ ಚರ್ಚು. ಅಲ್ಲಲ್ಲ, ಅದು ಅರಸನ ಪಳ್ಳಿ ಎಂದು ವಾದಿಸುವವರೂ ಇದ್ದಾರೆ. ನನಗೆ ಅರ್ಧವೇ ಸರಿ ಕಾಣುತ್ತದೆ. ಮುಂದೆ ಪಾಲಾಗುವುದು ಸಂತರಿಗೆ ಮೊದಲೇ ಗೊತ್ತಿತ್ತು.

ಪಾಲಿಗೆ ಕೋರ್ಟಿನಲ್ಲಿ 1958ರಲ್ಲೊಂದು ತೀರ್ಪು, 1995ರಲ್ಲೊಂದು, 2017ರಲ್ಲೊಂದು. ಸಾವಿರಕ್ಕೂ ಹೆಚ್ಚು ಚರ್ಚುಗಳು ಸಭೆಯದೇ ಆದ, ಆರ್ಥೊಡಾಕ್ಸ್‌ನವರು ಹಿಡಿದುಕೊಂಡ 1934ರ ಸಂವಿಧಾನದಂತೆ ನಡೆಯಬೇಕು ಎಂದಾಯಿತು. ಆಮೇಲೆ ಪಿರವಂನಂಥ ಕಡೆ ಗೇಟಿಗೆ ಸರಪಳಿ, ಒಳಗೆ ಒಂದು ಬಣ, ಹೊರಗೆ ಒಂದು ಬಣ, ನಡುವೆ ಲಾಠಿ. ಇಲ್ಲಿಯವರೆಗೆ ತಮಾಷೆ ಮಾಡಬಹುದು.

2019ರಲ್ಲಿ ಕಾಯಂಕುಳಂ ಹತ್ತಿರ ತೊಂಬತ್ತು ದಾಟಿದ ಒಬ್ಬ ಜಾಕೋಬೈಟ್ ಅಜ್ಜಿ ತೀರಿಕೊಂಡರು. ಮನೆಯವರ ಸಮಾಧಿ ಅಲ್ಲಿಯ ಚರ್ಚಿನ ಅಂಗಳದಲ್ಲಿದೆ. ಆದರೆ ಚರ್ಚು ಈಗ ಯಾರದು? ಆ ಪ್ರಶ್ನೆ ಬಗೆಹರಿಯದೆ ಅಜ್ಜಿಯ ಹೆಣ 38 ದಿನ ಪೆಟ್ಟಿಗೆಯಲ್ಲಿ ಕಾಯಿತು. ಮೂವತ್ತೆಂಟು ದಿನ. ಮನೆಯಲ್ಲಿ ಹೆಣ ಇಟ್ಟುಕೊಂಡು ಎಷ್ಟು ಸಲ ಅನ್ನ ಬೇಯಿಸಿರಬೇಕು ಲೆಕ್ಕ ಹಾಕಿ. ಕೊನೆಗೆ 2020ರಲ್ಲಿ ಕೇರಳ ಸರ್ಕಾರವೇ ಕಾನೂನು ಮಾಡಬೇಕಾಯಿತು, ಸತ್ತವರನ್ನು ಅವರ ಮನೆತನದ ಸಮಾಧಿಯಲ್ಲಿ ಹೂಳಲು ಬಿಡಿ ಎಂದು. ಸತ್ತವರನ್ನು ಹೂಳಿ ಎಂದು ಹೇಳಿಕೊಡಲು ವಿಧಾನಸಭೆ ಸೇರಬೇಕಿತ್ತೇ? ಈ ಬಿಷಪ್ಪರೆಲ್ಲ ಓದಿದ್ದೇನು? ನನಗೆ ಇಲ್ಲಿ ನಗು ಬರುವುದಿಲ್ಲ, ಕ್ಷಮಿಸಿ.

ದಕ್ಷಿಣ ಕನ್ನಡದ ರಬ್ಬರ್ ತೋಟಗಳ ನಡುವೆಯೂ ಕೇರಳದಿಂದ ಬಂದ ಈ ಎಲ್ಲ ಬಣದ ಕುಟುಂಬಗಳಿವೆ. ಅಲ್ಲಿಯ ಒಬ್ಬ ಅಚ್ಚಾಯನನ್ನು (ಸಿರಿಯನ್ ಕ್ರೈಸ್ತ ಗಂಡಸರನ್ನು ಕರೆಯುವುದೇ ಹಾಗೆ) ‘ಊರಲ್ಲಿ ನಿಮ್ಮದು ಯಾವ ಪಳ್ಳಿ?’ ಎಂದು ಸುಮ್ನೆ ಕೇಳಿದೆ. ರಬ್ಬರ್ ಶೀಟು ಒಣಹಾಕುತ್ತಾ, ತಲೆ ಎತ್ತದೆ ಹೇಳಿದ: ‘ಬೀಗ ಹಾಕಿದ್ದು.’

ತೋಮಾಸರ ಅಸ್ಥಿ ಇರುವುದು ಇಟಲಿಯ ಒರ್ತೋನಾದಲ್ಲಂತೆ, 1258ರಿಂದ. 1953ರಲ್ಲಿ ಒಂದು ಕೈಮೂಳೆ ಮಾತ್ರ ಕೊಡುಂಗಲ್ಲೂರಿಗೆ ಬಂತು. ಪುಣ್ಯಾತ್ಮ, ಪೂರ್ತಿ ಬಂದಿದ್ದರೆ ಹೂಳಲು ಯಾರ ಸಹಿ ಬೇಕಾಗುತ್ತಿತ್ತೋ.