ಗ್ರೌಟ್ ಹಾಕಿದ್ಮೇಲೆ ಸರಿಹೋಗುತ್ತೆ ಸಾರ್

ಹೊಸ ಮನೆಯ ನೆಲದಲ್ಲಿ ಯಾವ ಐಬು ತೋರಿಸಿದರೂ ಟೈಲ್ಸ್ ಮೇಸ್ತ್ರಿಯ ಉತ್ತರ ಒಂದೇ: "ಗ್ರೌಟ್ ಹಾಕಿದ್ಮೇಲೆ ಸರಿಹೋಗುತ್ತೆ ಸಾರ್." ಬೆಂಗಳೂರಾದರೆ ಇದೇ ಮಾತು ಹಿಂದಿಯಲ್ಲಿ ಬರಬಹುದು, ಧೈರ್ಯ ಮಾತ್ರ ಅದೇ. ಗ್ರೌಟ್ ಎಂದರೆ ಟೈಲುಗಳ ನಡುವೆ ತುಂಬುವ ಗಾರೆ, ಅದು ಸಂದಿ ಮುಚ್ಚುತ್ತದೆ, ಅಷ್ಟೇ. ಎದ್ದ ಮೂಲೆಯನ್ನು ಕೂರಿಸುವುದಾಗಲಿ, ತಪ್ಪಿದ ಇಳಿಜಾರನ್ನು ತಿದ್ದುವುದಾಗಲಿ ಅದರ ಕೈಲಾಗದು. ಆದ್ದರಿಂದ ಮೇಸ್ತ್ರಿ ಜೊತೆ ಮಾಡಬೇಕಾದ ಜಗಳವನ್ನೆಲ್ಲ ಗ್ರೌಟಿಗೆ ಮುಂಚೆಯೇ ಮಾಡಿ ಮುಗಿಸಬೇಕು.

ಮೊದಲು ಟೊಳ್ಳು. ಟೈಲು ಹಾಕಿ ಎರಡು ಮೂರು ದಿನ ಕಳೆದ ಮೇಲೆ ಐದು ರೂಪಾಯಿ ನಾಣ್ಯ ಹಿಡಿದು ಪ್ರತಿ ಟೈಲಿನ ನಾಲ್ಕು ಮೂಲೆಗೂ ನಡುವಿಗೂ ಕುಟ್ಟುತ್ತಾ ಹೋಗಿ. 'ಟಣ್' ಎಂದರೆ ಅಡಿ ತುಂಬಿದೆ, 'ಡಬ್' ಎಂದರೆ ಖಾಲಿ. ನಡುವೆ ಅಂಗೈಯಗಲ ಖಾಲಿಯಿದ್ದರೆ ನುಂಗಿಕೊಳ್ಳಬಹುದು. ಮೂಲೆ ಖಾಲಿಯಿದ್ದರೆ ಬಿಡಬೇಡಿ. ಬೀರುವಿನ ಕಾಲು ಕೂರುವುದೂ ಅಲ್ಲೇ, ಕುಟ್ಟಾಣಿ ಕೈಜಾರಿ ಬೀಳುವುದೂ ಅಲ್ಲೇ.

ಟೊಳ್ಳಿಗೆ ಮೂಲ ಕಾರಣ ಟೈಲಿನ ಸ್ವಭಾವ. ಹಳೆಯ ಮೊಸಾಯಿಕ್ ಟೈಲು ನೀರು ಕುಡಿದು ಸಿಮೆಂಟನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಗಾಜಿನಂತೆ ಗಟ್ಟಿಯಾಗಿ ಸುಟ್ಟ ವಿಟ್ರಿಫೈಡ್ ಟೈಲಿಗೆ ಬಾಯಾರಿಕೆಯೇ ಇಲ್ಲ. ತನ್ನ ತೂಕದ ಶೇ. 0.5ರಷ್ಟೂ ನೀರು ಹೀರುವುದಿಲ್ಲ. ಇದನ್ನೂ ರಾತ್ರಿಯಿಡೀ ಡ್ರಮ್ಮಿನಲ್ಲಿ ನೆನೆಹಾಕುವ ಮೇಸ್ತ್ರಿಗಳಿದ್ದಾರೆ. ಟೈಲು ಸ್ನಾನ ಮುಗಿಸಿ ಹೋದ ಹಾಗೆಯೇ ಎದ್ದು ಬರುತ್ತದೆ. ಸಿಮೆಂಟ್ ಹಾಲು ಸುರಿದು ಕೂರಿಸಿದರೆ ಅದರ ಬೆನ್ನಿಗೆ ಹಿಡಿತ ಸಾಲದು. ಬೆನ್ನಿನ ಮೇಲೆ ಟೈಲು ಸುಡುವ ಗೂಡಿನಿಂದ ಬಂದ ಬಿಳಿ ಪುಡಿಯನ್ನು ಒರೆಸದಿದ್ದರೆ ಆ ಹಿಡಿತವೂ ಇಲ್ಲ. ಗೋಡೆಯ ಮೇಲಂತೂ ಟೈಲಿನ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ರಾಗಿಮುದ್ದೆಯಂತೆ ಗಾರೆ ಮೆತ್ತಿ ಒತ್ತಿಬಿಡುತ್ತಾರೆ. ಮುದ್ದೆಗಳ ನಡುವಿನ ಜಾಗ ಜಿರಲೆಗಳ ಪಾಲು.

ಸರಿಯಾದ ವಿಧಾನ ಅಷ್ಟು ಕಷ್ಟದ್ದಲ್ಲ. ಭಾರತೀಯ ಮಾನಕ ಐಎಸ್ 15477ರ ಗುರುತಿರುವ ಟೈಲ್ ಅಂಟು ತಂದು, 6ರಿಂದ 8 ಮಿ.ಮೀ. ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಎಳೆದು, ಟೈಲಿನ ಬೆನ್ನಿಗೂ ತೆಳ್ಳಗೆ ಸವರಿ ಕೂರಿಸಬೇಕು. ಮೊದಲ ಟೈಲು ಕೂತ ಕೂಡಲೇ ಅದನ್ನು ಎಬ್ಬಿಸಿ ನೋಡಿ. ಬೆನ್ನಿನ ತುಂಬ ಅಂಟು ಮೆತ್ತಿಕೊಂಡಿದ್ದರೆ ಮುಂದುವರಿಸಲು ಹೇಳಿ. ಮೇಸ್ತ್ರಿ ಮುಖ ಊದಿಸುತ್ತಾನೆ, ಒಂದು ಟೀ ತರಿಸಿದರೆ ಇಳಿಯುತ್ತದೆ.

ಇನ್ನು ಸಂದಿಯ ವಿಷಯ. ಇಲ್ಲಿ ತಪ್ಪು ಮೇಸ್ತ್ರಿಯದಲ್ಲ, ಮನೆಯವರದು. "ಸಂದಿಯೇ ಕಾಣಬಾರದು, ಕೊಳೆ ಕೂರುತ್ತೆ" ಎಂದು ಹಟ ಹಿಡಿದು ಟೈಲಿಗೆ ಟೈಲು ತಾಗಿಸುವ ಪೇಪರ್ ಜಾಯಿಂಟ್ ಮಾಡಿಸುತ್ತಾರೆ. ಏಪ್ರಿಲ್ ಬಿಸಿಲಿಗೆ ನೆಲ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲ, ಒಂದು ಮಧ್ಯಾಹ್ನ ಹಾಲ್‌ನಲ್ಲಿ ಢಂ ಎಂದು ಎರಡು ಟೈಲು ಗುಡಾರದ ಹಾಗೆ ಎದ್ದು ನಿಲ್ಲುತ್ತವೆ. ಅಜ್ಜಿ ವಾಸ್ತುದೋಷ ಎನ್ನುತ್ತಾರೆ, ಮಗ ಭೂಕಂಪ ಎನ್ನುತ್ತಾನೆ. ಟೈಲಿನ ನಡುವೆ ಸಂದಿ ಕಾಯುವ 2 ಮಿ.ಮೀ. ಪ್ಲಾಸ್ಟಿಕ್ ಸ್ಪೇಸರ್, ಗೋಡೆಯ ಸುತ್ತ 5–6 ಮಿ.ಮೀ. ಖಾಲಿ ಬಿಟ್ಟಿದ್ದರೆ ಶಾಂತಿ ಹೋಮದ ಖರ್ಚು ಉಳಿಯುತ್ತಿತ್ತು. ಗೋಡೆಯಂಚಿನ ಆ ಸಂದಿ ಗೋಡೆಬುಡದ ಪಟ್ಟಿಯ, ಅಂದರೆ ಸ್ಕರ್ಟಿಂಗಿನ ಕೆಳಗೆ ಅಡಗಿಕೊಳ್ಳುತ್ತದೆ, ನೆಂಟರಿಗೆ ಕಾಣುವುದಿಲ್ಲ.

ಎರಡಡಿಗೆ ನಾಲ್ಕಡಿಯ ಉದ್ದ ಟೈಲನ್ನು ಇಟ್ಟಿಗೆ ಕಟ್ಟಿದಂತೆ ಅರ್ಧರ್ಧ ಸರಿಸಿ ಹಾಕಿಸುವ ಶೋಕಿಯೂ ಉಂಟು. ಉದ್ದ ಟೈಲು ನಡುವೆ ಕೂದಲೆಳೆಯಷ್ಟು ಉಬ್ಬಿರುವುದು ಸಾಮಾನ್ಯ. ಒಂದರ ಉಬ್ಬಿದ ನಡುವಿಗೆ ಪಕ್ಕದ್ದರ ತಗ್ಗಿದ ತುದಿ ಬಂದು ಸೇರಿದರೆ ಅಲ್ಲಿ ಮೆಟ್ಟಿಲು ಹುಟ್ಟುತ್ತದೆ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಆ ಮೆಟ್ಟಿಲು ಕಾರ್ಡಿಗಿಂತ ಎತ್ತರವಿದ್ದರೆ ರಾತ್ರಿ ನೀರು ಕುಡಿಯಲು ಎದ್ದವರ ಕಾಲ್ಬೆರಳು ಅದನ್ನು ಹುಡುಕಿಕೊಂಡೇ ಹೋಗುತ್ತದೆ. ಸರಿಸಲೇಬೇಕಿದ್ದರೆ ಮೂರನೇ ಒಂದು ಭಾಗ ಸರಿಸಿ, ಅಕ್ಕಪಕ್ಕದ ಟೈಲುಗಳನ್ನು ಒಂದೇ ಮಟ್ಟಕ್ಕೆ ಹಿಡಿಯುವ ಲೆವೆಲಿಂಗ್ ಕ್ಲಿಪ್ ಹಾಕಿಸಿ.

ಎಲ್ಲಕ್ಕಿಂತ ದೊಡ್ಡ ಕುರುಕ್ಷೇತ್ರ ಬಚ್ಚಲು. ನೀರು ನಹಾನಿ ಟ್ರಾಪಿನತ್ತ, ಅಂದರೆ ನೆಲದ ನೀರು ಹೊರಹೋಗುವ ತೂತಿನತ್ತ ಹೋಗಬೇಕು. ಹೊಸ ಮನೆಗಳಲ್ಲಿ ಅದು ಬಾಗಿಲಿನತ್ತ ಹೋಗುತ್ತದೆ, ಬೆಡ್‌ರೂಮ್ ನೋಡುವ ಆಸೆಯಿಂದ. ಮೀಟರಿಗೆ 1ರಿಂದ 1.5 ಸೆಂ.ಮೀ. ಇಳಿಜಾರು ಬೇಕು, ಬಾಗಿಲ ಬಳಿ ಬಚ್ಚಲ ನೆಲ ಕೋಣೆಯ ನೆಲಕ್ಕಿಂತ ಅರ್ಧ ಇಂಚಾದರೂ ತಗ್ಗಿರಬೇಕು. ನಾಲ್ಕೂ ಕಡೆಯಿಂದ ಒಂದೇ ತೂತಿನತ್ತ ಇಳಿಯಬೇಕಾದ ನೆಲಕ್ಕೆ ಎರಡಡಿ ಟೈಲು ಒಗ್ಗುವುದಿಲ್ಲ, ಅದು ಬಾಗುವ ಜಾತಿಯಲ್ಲ. ಒಂದಡಿಯ ಟೈಲು ಹಾಕಿ, ಇಲ್ಲವೇ ದೊಡ್ಡದನ್ನು ಟ್ರಾಪಿನ ಮೂಲೆಯಿಂದ ಓರೆಯಾಗಿ ಕತ್ತರಿಸಿ. ಗ್ರೌಟಿಗೆ ಮುಂಚೆ ನೀರು ಸುರಿದು ಪರೀಕ್ಷಿಸಬೇಡಿ, ನೀರು ಸಂದಿಯಲ್ಲಿ ಇಳಿದು ಅಡಿಯಲ್ಲೇ ಕೂರುತ್ತದೆ. ರಸಮಟ್ಟ ಇಡಿ, ಮಕ್ಕಳ ಗೋಲಿ ಬಿಡಿ. ಗೋಲಿ ಬಾಗಿಲಿಗೆ ಬಂದರೆ ನೀರೂ ಬರುತ್ತದೆ. ಆಗ ಪ್ಲಂಬರ್ "ಟ್ರಾಪ್ ಸರಿಯಾಗೇ ಇಟ್ಟಿದ್ದೆ" ಎನ್ನುತ್ತಾನೆ, ಮೇಸ್ತ್ರಿ "ಟ್ರಾಪೇ ಮೇಲಿದೆ" ಎನ್ನುತ್ತಾನೆ. ಇಬ್ಬರನ್ನೂ ಒಂದೇ ಹೊತ್ತಿಗೆ ಬಚ್ಚಲಲ್ಲಿ ನಿಲ್ಲಿಸುವುದೇ ನಿಮ್ಮ ಸಾಹಸ.

ಕೆಟ್ಟ ಟೈಲು ತೆಗೆಯುವಾಗ ಅಂಚಿನಿಂದ ಮೀಟಿದರೆ ಪಕ್ಕದ ಟೈಲಿನ ಮೂಲೆಯೂ ಚಕ್ಕೆ ಏಳುತ್ತದೆ. ಸುತ್ತಲ ಸಂದಿಯನ್ನು ಗ್ರೈಂಡರಿನಲ್ಲಿ ಬಿಡಿಸಿ, ನಡುವೆ ಒಡೆದು, ಒಳಗಿನಿಂದ ಹೊರಕ್ಕೆ ತೆಗೆಯಬೇಕು. ಕೊನೆಯ ಶೇ. 10ರಷ್ಟು ಹಣ ಇನ್ನೂ ನಿಮ್ಮ ಜೇಬಲ್ಲಿದ್ದರೆ ಈ ಕೆಲಸ ಬೇಗ ಆಗುತ್ತದೆ.

ಆದರೆ ಗೃಹಪ್ರವೇಶದ ಮುಹೂರ್ತ ಕಾಯುವುದಿಲ್ಲವಲ್ಲ. ಗ್ರೌಟ್ ಹಸಿಯಿರುವಾಗಲೇ ಪುರೋಹಿತರು ಬರುತ್ತಾರೆ. ಹೋಮಕುಂಡವನ್ನು ಟೈಲಿನ ಮೇಲೆ ನೇರವಾಗಿ ಇಟ್ಟರೆ ಬಿಸಿಗೆ ಸೀಳುತ್ತದೆ. ಅಡಿಗೆ ಎರಡು ವರಸೆ ಇಟ್ಟಿಗೆ, ಮೇಲೆ ಮರಳು. ಬಿಳಿ ಸಿಮೆಂಟ್ ಗ್ರೌಟಿಗೆ ಅರಿಶಿನದ ನೀರು ಬಿದ್ದರೆ ಆ ಹಳದಿ ನಿಮ್ಮ ಜೊತೆ ಸಂಸಾರ ಹೂಡುತ್ತದೆ, ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟಾದರೆ ಅಷ್ಟು ಬೇಗ ಹಿಡಿಯದು. ಪಾಲಿಶ್ ನೆಲದ ಮೇಲೆ ಹಸುವನ್ನು ಹತ್ತಿಸುವುದಿದ್ದರೆ ಗೋಣಿಚೀಲ ಹಾಸಿ, ಗೊರಸು ಜಾರುತ್ತದೆ.

ಕೆಲಸ ಮುಗಿದ ಮೇಲೆ ಒಂದು ಬಾಕ್ಸ್ ಟೈಲನ್ನು ಅಟ್ಟದ ಮೇಲೆ ಎತ್ತಿಡಿ, ಎರಡಡಿಯದಾದರೆ ಬಾಕ್ಸಿಗೆ ನಾಲ್ಕು. ರಟ್ಟಿನ ಮೇಲಿನ ಬ್ಯಾಚ್ ನಂಬರನ್ನೂ ಕತ್ತರಿಸಿ ಇಟ್ಟುಕೊಳ್ಳಿ. ಟೈಲು ತಯಾರಿಸುವ ಗುಜರಾತಿನ ಮೋರ್ಬಿಯಿಂದ ಮುಂದಿನ ವರ್ಷ ಬರುವ ಅದೇ ಹೆಸರಿನ ಟೈಲು ಅದೇ ಬಣ್ಣದ್ದಾಗಿರುತ್ತದೆ ಎಂಬ ನಂಬಿಕೆ ಬೇಡ. ನಾಲ್ಕರಲ್ಲಿ ಒಂದು ಹೇಗೂ ವಾಷಿಂಗ್ ಮೆಷಿನ್ ಕಾಲಿನಡಿ ಹೋಗುತ್ತದೆ, ಇನ್ನೊಂದು ಉಪ್ಪಿನಕಾಯಿ ಜಾಡಿಯ ಮೇಲೆ. ಉಳಿದೆರಡರ ಮೇಲೆ ಕಣ್ಣಿಟ್ಟಿರಿ.