ಎರಡು ಸಿರಿಂಜ್ ಕೇಳಿದ್ದಕ್ಕೆ

ಸಂಜೆಯಿಂದ ತಲೆ ಕೆಟ್ಟಿದೆ, ಬರೀದಿದ್ರೆ ನಿದ್ದೆ ಬರಲ್ಲ. ಅಮ್ಮನ ಇನ್ಸುಲಿನ್ ಮುಗಿದಿತ್ತು ಅಂತ ಮೆಡಿಕಲ್ ಶಾಪಿಗೆ ಹೋಗಿದ್ದೆ (ಯಾವ ಅಂಗಡಿ ಅಂತ ಕೋಲಾರದವ್ರು ಕಾಮೆಂಟಲ್ಲಿ ಕೇಳ್ಬೇಡಿ, ಹೇಳಲ್ಲ). ನನ್ನ ಮುಂದೆ ಒಬ್ಬ ಹುಡುಗ, ಟೊಮೊಟೊ ಮಂಡೀಲಿ ಕ್ರೇಟ್ ಎತ್ತೋನಿರಬೇಕು, ಈ ಸೆಕೇಲೂ ಫುಲ್ ತೋಳಿನ ಶರ್ಟು. ಮೆಲ್ಲಗೆ "ಅಣ್ಣಾ, ಎರಡು ಸಿರಿಂಜ್ ಕೊಡಣ್ಣ" ಅಂದ. ಅಷ್ಟೇ. ಅಂಗಡಿಯವ್ರು ಇಡೀ ರಸ್ತೆಗೆ ಕೇಳೋ ಹಾಗೆ "ಚೀಟಿ ಎಲ್ಲೋ? ಚುಚ್ಕೊಳಕಾ? ಪೊಲೀಸ್ನೋರನ್ನ ಕರೀಲಾ?" ಅಂತ ಶುರು ಹಚ್ಕೊಂಡ್ರು. ಹುಡುಗ ತಲೆ ತಗ್ಗಿಸ್ಕೊಂಡು ಹೋದ. ಹಿಂದಿದ್ದ ಅಂಕಲ್ಲೊಬ್ರು "ಒಳ್ಳೆ ಕೆಲಸ ಮಾಡಿದ್ರಿ ಸಾರ್". ಆಮೇಲೆ ನನ್ನ ಸರದಿ. 40 ಯೂನಿಟ್ಟಿನ ಸಿರಿಂಜ್ ಹತ್ತು, ಚೀಟಿ ಗೀಟಿ ಏನೂ ಕೇಳ್ಲಿಲ್ಲ, "ಅಮ್ಮ ಹೇಗಿದಾರೆ ಮೇಡಂ" ಅಂತ ನಗ್ನಗ್ತಾ ಕವರಿಗೆ ಹಾಕಿ ಕೊಟ್ರು.

ಸರಿ, ಕೊಡ್ಲಿಲ್ಲ. ಆ ಹುಡುಗ ಈಗ ಮನೆಗೆ ಹೋಗಿ ಮುದ್ದೆ ಉಂಡು ಮಲಗಿದಾನೆ ಅನ್ಕೊಂಡ್ರಾ? ಪೌಡ್ರೋ ಮಾತ್ರೆನೋ ಅವನ ಜೇಬಲ್ಲಿ ಇದ್ದೇ ಇದೆ, ಇಲ್ದಿರೋದು ಹೊಸ ಸೂಜಿ ಒಂದೇ. ಇನ್ನೊಬ್ಬ ಬಿಸಾಕಿದ್ದನ್ನ ಎತ್ಕೋತಾನೆ. ಬಳಸಿದ ಸಿರಿಂಜಿನೊಳಗೆ ಹೆಪಟೈಟಿಸ್ ಸಿ ವೈರಸ್ (ರಕ್ತದಿಂದ ಹರಡಿ ಲಿವರ್ ಹಾಳುಮಾಡೋದು) 63 ದಿನದವರೆಗೂ ಬದುಕಿರಬಲ್ಲದು ಅಂತ ಲ್ಯಾಬಲ್ಲಿ ನೋಡಿದಾರೆ. ಎರಡು ತಿಂಗಳ ಮೇಲಾಯ್ತು ಸ್ವಾಮಿ. ಅಂಗಡಿಯವ್ರು ತಡೆದಿದ್ದು ಚಟಾನಲ್ಲ, ಶುಚೀನ.

"ಕೊಟ್ರೆ ಪ್ರೋತ್ಸಾಹ ಆಗಲ್ವಾ ಮೇಡಂ" ಅಂತ ಬರ್ತೀರ, ಗೊತ್ತು. ಹಂಗಾದ್ರೆ ನಮ್ಮಮ್ಮನಿಗೆ ಇನ್ಸುಲಿನ್ ಕೊಟ್ಟಿದ್ದು ಮೈಸೂರುಪಾಕಿಗೆ ಪ್ರೋತ್ಸಾಹನಾ? (ತಿಂತಾರೆ, ಕದ್ದು ತಿಂತಾರೆ, ಅದು ಬೇರೆ ವಿಷಯ.) ಆಮ್‌ಸ್ಟರ್‌ಡ್ಯಾಮಲ್ಲಿ 1984ರಲ್ಲೇ ಹಳೇ ಸೂಜಿ ತಗೊಂಡು ಹೊಸದು ಕೊಡೋದು ಶುರುವಾಯ್ತು. ನಮ್ಮ ದೇಶದ 2017ರ ಎಚ್‌ಐವಿ ಕಾಯ್ದೆನೇ ಓದಿ, 22ನೇ ಸೆಕ್ಷನ್ನು: ನೋಂದಾಯಿತ ಕಾರ್ಯಕ್ರಮದಲ್ಲಿ ಹೊಸ ಸೂಜಿ ಕೊಟ್ಟೋರೂ ಅಪರಾಧಿ ಅಲ್ಲ, ತಗೊಂಡೋರೂ ಅಲ್ಲ ಅಂತ ಉದಾಹರಣೆ ಸಮೇತ ಬರೆದಿದೆ. ದೇಶದಲ್ಲಿ ಚುಚ್ಕೊಳೋರು ಸುಮಾರು 8.5 ಲಕ್ಷ ಅಂತ 2019ರಲ್ಲಿ ಕೇಂದ್ರ ಸರ್ಕಾರದ ವರದಿನೇ ಹೇಳಿದೆ. ಅಷ್ಟೂ ಜನಕ್ಕೆ ಬೈದು ಬುದ್ಧಿ ಬರಿಸ್ತೀರಾ?

ಬೈಯೋದು ನನ್ನ ಕಸುಬು, ಇಪ್ಪತ್ತು ವರ್ಷದಿಂದ ಹೈಸ್ಕೂಲಲ್ಲಿ ಅದನ್ನೇ ಮಾಡ್ತಿದೀನಿ. ತಮ್ಮನ ವಿಷಯ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು, ಇನ್ನರ್ಧ ಗೊತ್ತಿಲ್ದಿರೋ ಹಾಗೆ ಇರ್ತೀರ. ಒಂದಿನ ಅವನ ಹಾಸಿಗೆ ಕೆಳಗೆ ಒಡೀದೇ ಇರೋ ಸಿರಿಂಜ್ ಪ್ಯಾಕೆಟ್ಟು ಸಿಕ್ತು, ಅವನ ಕಣ್ಣೆದುರೇ ಒಂದೊಂದೇ ಮುರಿದು ಕಸಕ್ಕೆ ಹಾಕ್ದೆ. ಎಷ್ಟು ಹೆಮ್ಮೆ ಗೊತ್ತಾ ನಂಗೆ ಅವತ್ತು. ಆ ರಾತ್ರಿ ಅವನು ಫ್ರೆಂಡ್ ಚುಚ್ಕೊಂಡಿದ್ದ ಸೂಜಿನೇ ಚುಚ್ಕೊಂಡಿದ್ದ. ಇದನ್ನ ಅವನು ಹೇಳಿದ್ದು ಹೆಪಟೈಟಿಸ್ ಸಿ ಪಾಸಿಟಿವ್ ಬಂದ ಮೇಲೆ.

ಅವನನ್ನ ಟೆಸ್ಟಿಗೆ ಕರ್ಕೊಂಡು ಹೋಗಿದ್ದು ನಾನಲ್ಲ. ಬೆಂಗಳೂರಲ್ಲಿ ಔಟ್‌ರೀಚ್ ಕೆಲಸ ಮಾಡೋ ಹುಡುಗ, ಹಿಂದೆ ತಾನೂ ಚುಚ್ಕೊಂತಿದ್ದವನೇ. ಫ್ಲೈಓವರ್ ಕೆಳಗೆ ಹೋಗಿ ಹಳೇ ಸೂಜಿನ ಡಬ್ಬಿಗೆ ಹಾಕಿಸ್ಕೊಂಡು ಹೊಸದು ಕೊಡ್ತಿದ್ದ, ತೋಳಲ್ಲಿ ಕೀವಾಗಿದ್ರೆ ಡ್ರೆಸ್ಸಿಂಗಿಗೆ ಕಳಿಸ್ತಿದ್ದ, "ಊಟ ಆಯ್ತಾ ಮಗಾ" ಅಂತಿದ್ದ. ಬಿಡು ಅಂತ ಒಂದ್ಸಲಾನೂ ಅಂದಿಲ್ವಂತೆ. ನಾಲ್ಕು ತಿಂಗಳಾದ್ಮೇಲೆ ಇವನೇ "ಅಣ್ಣ, ಒಂದ್ಸಲ ಟೆಸ್ಟ್ ಮಾಡಿಸ್ತೀನಿ" ಅಂದನಂತೆ. 12 ವಾರ ಮಾತ್ರೆ, ಸರ್ಕಾರದ್ದೇ, ಫ್ರೀ. ವಾಸಿಯಾಯ್ತು. ಆದ್ರೆ ಇನ್ನೊಂದು ಹಳೇ ಸೂಜಿ ತಗುಲಿದ್ರೆ ಮತ್ತೆ ಬರಬಹುದು, ಒಂದ್ಸಲ ಬಂದೋಯ್ತು ಅಂತ ರಕ್ಷಣೆ ಏನಿಲ್ಲ. ಈಗ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಸೆಂಟರಿಗೆ ಹೋಗಿ, ನರ್ಸ್ ಎದುರಿಗೇ ನಾಲಿಗೆ ಕೆಳಗೆ ಬುಪ್ರೆನಾರ್ಫಿನ್ (ಚುಚ್ಕೊಳೋ ನಶೆ ಬದಲಿಗೆ ಕೊಡೋ ಮಾತ್ರೆ, ಹಂಬಲ ತಡೆಯುತ್ತೆ) ಇಟ್ಕೊಂಡು ಬರ್ತಾನೆ. "ಅದೂ ನಶೆನೇ ಅಲ್ವಾ" ಅಂತ ನಮ್ಮ ಚಿಕ್ಕಪ್ಪ. ಅವ್ರ ಮನೆ ಇಎಮ್‌ಐನ ತಮ್ಮನೇ ಎರಡು ತಿಂಗಳು ಕಟ್ಟಿದಾನೆ, ಅದಕ್ಕೆ ಬಾಯಿಲ್ಲ.

ಇಷ್ಟೆಲ್ಲ ಗೊತ್ತಿರೋಳು ಇವತ್ತು ಏನ್ ಮಾಡಿದೆ? ನಾನು ಹೊರಗೆ ಬಂದಾಗ ಹುಡುಗ ಎದುರುಗಡೆ ಟೀ ಅಂಗಡಿ ಹತ್ರ ಇನ್ನೂ ನಿಂತಿದ್ದ. ಕವರ್ ಕೈಯಲ್ಲೇ ಇತ್ತು, ಹತ್ತು ಸಿರಿಂಜ್. ರಸ್ತೆ ದಾಟೋಕೆ ಹೆಜ್ಜೆನೂ ಇಟ್ಟೆ. ಅಷ್ಟರಲ್ಲಿ ಆ ಅಂಕಲ್ಲು "ನಮಸ್ಕಾರ ಮೇಡಂ" ಅಂದ್ರು. ನನ್ನ ಟೆನ್ತ್ ಬಿ ಸೆಕ್ಷನ್ ಹುಡುಗಿ ತಂದೆ. ಗಾಡಿ ಸ್ಟಾರ್ಟ್ ಮಾಡಿ ಮನೆಗೆ ಬಂದೆ.