ಅವರು ಓಡುತ್ತಾರೆ, ನಾವು ನಿಲ್ಲುತ್ತೇವೆ
ಇಂಗ್ಲಿಷಿನ ‘ರನ್’ (ಓಡು) ಎಂಬ ಒಂದೇ ಪದಕ್ಕೆ ಎಷ್ಟೊಂದು ಅರ್ಥ ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ, ಚೆನ್ನಾಗಿದೆ. ನನಗೆ ಜಾಸ್ತಿ ಮಜಾ ಅನಿಸುವುದು ಚುನಾವಣೆಯ ವಿಷಯ. ಅಮೆರಿಕದವರು ಚುನಾವಣೆಗೆ ‘ರನ್’ ಮಾಡುತ್ತಾರೆ, ನಾವು ನಿಲ್ಲುತ್ತೇವೆ! ಬ್ರಿಟನ್ನಿನವರೂ ನಮ್ಮ ಹಾಗೇ ‘ಸ್ಟ್ಯಾಂಡ್’ ಎನ್ನುತ್ತಾರೆ. ಮೂಗು ‘ರನ್’ ಆದರೆ ಸೋರುತ್ತದೆ, ಬಟ್ಟೆಯ ಬಣ್ಣ ‘ರನ್’ ಆದರೆ ಬಿಡುತ್ತದೆ, ಕಂಪನಿಯನ್ನು ‘ರನ್’ ಮಾಡಿದರೆ ನಡೆಸುವುದು. ಓಡುವುದು ಎಲ್ಲೂ ಇಲ್ಲ, ಅಲ್ವಾ?

ಒಂದು ಮಾತು ಸೇರಿಸಬಹುದಿತ್ತು. 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅತಿ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಪದಕ್ಕೆ. ಆಮೇಲೆ ‘ರನ್’ ಅದನ್ನು ಹಿಂದೆ ಹಾಕಿತು.

ಹಾಗಂತ ಇಂಗ್ಲಿಷನ್ನು ಸುಮ್ನೆ ಬೈಯುವುದು ಬೇಡ. ನಮ್ಮ ‘ಹೊಡೆ’ ಏನು ಕಡಿಮೆಯೇ? ನಿದ್ದೆ, ಗೊರಕೆ, ಹರಟೆ, ಸೀಟಿ, ಲಾಟರಿ, ಎಲ್ಲವನ್ನೂ ಹೊಡೆಯುತ್ತೇವೆ.